ಆರೋಗ್ಯವಂತರಿಗೊಂದು ಬ್ರೆಡ್

ಗೋಧಿ ಹಿಟ್ಟನ್ನು ಹುದುಗಿಸಿ ಉಬ್ಬಿಸಲು ಕಲಿತದ್ದು ಮನುಷ್ಯಕುಲದ ಮಹಾ ಸಾಧನೆಗಳಲ್ಲೊಂದು. ಹಿಟ್ಟು ಕಲಸುವ ಮುಂಚೆ ಈ ಮಾತನ್ನು ನಾನೂ ಒಪ್ಪುತ್ತಿದ್ದೆ.

ನಮ್ಮ ಕಡೆ ಬ್ರೆಡ್ ಆಹಾರವಲ್ಲ, ಔಷಧ. ಅದನ್ನು ಕೈಯಲ್ಲಿ ಹಿಡಿದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದು ನೋಡಿ, ಎದುರು ಸಿಕ್ಕವರೆಲ್ಲ ದನಿ ತಗ್ಗಿಸಿ "ಯಾವ ದವಾಖಾನ್ಯಾಗ ಇಟ್ಟೀರಿ?" ಎಂದು ಕೇಳುತ್ತಾರೆ. ನಾನು ಪಕ್ಕದ ಹಳ್ಳಿ ಪುರ್ತಗೇರಿಯಲ್ಲಿ ಬೆಳೆಯುವಾಗ, ಜ್ವರ ಬಂದವರಿಗೆ ಮಾತ್ರ ಅಪ್ಪ ಈಗ ನಾವಿರುವ ಈ ಊರಿನಿಂದ ಬ್ರೆಡ್ ತರುತ್ತಿದ್ದ. ಮೇಣಗಾಗದ ಬಿಚ್ಚುವ ಸದ್ದಿಗೆ ಮನೆಯ ಆರೋಗ್ಯವಂತರೆಲ್ಲ ಹಾಸಿಗೆಯ ಸುತ್ತ ಬಂದು ಕೂಡುತ್ತಿದ್ದೆವು. ಬಿಸಿ ಹಾಲಿನಲ್ಲಿ ಅದ್ದಿದ ತುಂಡು ಜ್ವರದವರ ಬಾಯಿಗೆ ಹೋಗುವುದನ್ನು ನೋಡುವುದಷ್ಟೇ ನಮ್ಮ ಪಾಲು. ತಂಗಿ ಶಾಂತಾ ಒಲೆಯ ಮುಂದೆ ಹಣೆ ಕಾಯಿಸಿಕೊಂಡು ಬಂದು ನರಳುತ್ತಿದ್ದಳು. ಅಪ್ಪ ಹಣೆ ಮುಟ್ಟಿ, ಅವಳ ಕೆನ್ನೆಯ ಮಸಿ ನೋಡಿಯೂ ಒಂದು ತುಂಡು ಕೊಡುತ್ತಿದ್ದ. ಅವನು ಹೋಗಿ ಎಷ್ಟೋ ವರ್ಷವಾಯಿತು. ಆ ರುಚಿ ಮತ್ತೆ ಯಾವ ಬ್ರೆಡ್ಡಿಗೂ ಬರಲಿಲ್ಲ. ಅದರಲ್ಲಿ ಜ್ವರವೂ ಸೇರಬೇಕೇನೋ.

ಈಗ ಅವ್ವನ ಹಲ್ಲು ಹೋಗಿವೆ. ರೊಟ್ಟಿ ನೆನೆಸಿ ಕೊಟ್ಟರೂ ಅರ್ಧಕ್ಕೇ ಕೈ ತೊಳೆಯುತ್ತಾಳೆ, ದಿನೇ ದಿನೇ ಸೊರಗುತ್ತಿದ್ದಾಳೆ. ಹಾಲು ಬ್ರೆಡ್ ತಿನ್ನು ಎಂದರೆ ಸಿಟ್ಟು. "ಯಾಕ, ನಾ ಏನ್ ಜಡ್ಡಾಗಿ ಬಿದ್ದೀನೇನ? ಅದನ್ನ ತಿನ್ನಾಕ ಹತ್ತಿದ್ರ ಮಂದಿ ಮಾತಾಡಸಾಕ ಬರ್ತಾರ!" ಆದ್ದರಿಂದ ನಮ್ಮ ಹೊಲದ ಗೋಧಿಯಲ್ಲಿ, ಮನೆಯಲ್ಲೇ, ಆರೋಗ್ಯವಂತರ ಬ್ರೆಡ್ ಮಾಡಿ ಅವ್ವನಿಗೆ ಉಣಿಸುವುದೆಂದು ನಾನು ಸಂಕಲ್ಪ ಮಾಡಿದೆ.

ಭಾನುವಾರ ಸ್ನಾನ ಮುಗಿಸಿ, ಹೋಮಕ್ಕೆ ಕೂತವನ ಗಾಂಭೀರ್ಯದಲ್ಲಿ ಈಸ್ಟ್ ಬೆರೆಸಿ, ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟೆ. "ಅಡಗಿಮನಿ ಯಾವಾಗ ಬಿಟ್ಟುಕೊಡ್ತೀರಿ?" ಎಂದಳು ಹೆಂಡತಿ ಸರೋಜಾ. "ಹಿಟ್ಟ ಉಬ್ಬಬೇಕು, ತಡಿ." "ನೀವರ ಉಬ್ಬೀರಲ್ಲ, ಸಾಕ ಬಿಡ್ರಿ."

ಪೇಟೆಗೆ ಹೋಗಿ ಬಂದು ಬಟ್ಟೆ ಎತ್ತಿದರೆ, ಹಿಟ್ಟು ಗಟ್ಟಿ ಉಂಡೆಯಾಗಿ ಮುದುಡಿ ಕೂತಿತ್ತು.

"ಹುಳಿ ವಾಸನಿ ಹೊಡದು ಉಬ್ಬಿತ್ತಪಾ," ಎಂದಳು ಅವ್ವ. "ಕೆಟ್ಟ ಹೋದೀತಂತ ನಾಕ ಹಿಡಿ ಒಣ ಹಿಟ್ಟ ಹಾಕಿ ಚಲೋತ್ನಾಗಿ ನಾದಿಟ್ಟೆ."

ಮಗನ ಮರ್ಯಾದೆ ಉಳಿಸಿದ ತೃಪ್ತಿ ಅವಳ ಮುಖದಲ್ಲಿತ್ತು. ನಾನು ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಸೀಟಿ ತೆಗೆದು, ಉಂಡೆಯನ್ನು ಒಳಗಿಟ್ಟೆ.

ಘಮ ಓಣಿಗೆ ಹಬ್ಬಿದ್ದೇ ತಡ, ಎದುರುಮನೆಯ ಗಂಗಕ್ಕ ಬಾಗಿಲಲ್ಲಿ ನಿಂತಿದ್ದಳು. "ಬ್ರೆಡ್ಡಿನ ವಾಸನಿ ಬಂತು. ಯಾರಿಗೆ ಅರಾಮಿಲ್ರಿ, ಸರೋಜಕ್ಕ?"

"ಎಲ್ಲಾರೂ ಅರಾಮ ಅದೀವ್ರಿ. ಇನ್ನೂ ತಿಂದಿಲ್ಲ."

ಬ್ರೆಡ್ ಹೊರಬಂತು. ಚಾಕು ಸೋತಿತು. ಸರೋಜಾ ಬೆರಳಿನಿಂದ ಬಾರಿಸಿ ನೋಡಿ, "ನಮ್ಮೂರ ಗುಡ್ಡದ ಮ್ಯಾಲಿನ ಕೋಟೆಗೆ ಒಂದ ಕಲ್ಲ ಕಮ್ಮಿ ಬಿದ್ದಿತ್ತು, ಸಿಕ್ತ ನೋಡ್ರಿ," ಎಂದಳು. ನನಗೆ ನಗು ಬರಲಿಲ್ಲ. ಅವ್ವ ಅವತ್ತಿನ ಊಟಕ್ಕೂ ಅರ್ಧ ರೊಟ್ಟಿಗೇ ಎದ್ದಿದ್ದಳು.

ಆದರೆ ಅವಳು ಕಲ್ಲನ್ನು ಎತ್ತಿಕೊಂಡು ಮೂಸಿದಳು. "ಗೋಧಿ ಭಾಳ ಚಲೋ ಸುಟ್ಟೈತಿ. ಸರೋಜಾ, ಇದನ್ನ ಒಳ್ಳಾಗ ಹಾಕಿ ಕುಟ್ಟವಾ." ಒರಳಲ್ಲಿ ಕುಟ್ಟಿದ ಪುಡಿಗೆ ಬೆಲ್ಲ, ಹುರಿಗಡಲೆ, ಒಣಕೊಬ್ಬರಿ, ಏಲಕ್ಕಿ ಬಿದ್ದವು. ನನ್ನ ಬ್ರೆಡ್ ಕಣ್ಣೆದುರೇ ಮಾದಲಿಯಾಯಿತು; ದಪ್ಪ ಗೋಧಿ ರೊಟ್ಟಿ ಕುಟ್ಟಿ ನಾವು ಹಬ್ಬಕ್ಕೆ ಮಾಡುವ ಅದೇ ಸಿಹಿ. ಬಿಸಿ ಹಾಲು, ತುಪ್ಪ ಸುರಿದುಕೊಂಡು ಅವ್ವ ಒಂದು ಬಟ್ಟಲು ಮುಗಿಸಿ ಮತ್ತೆ ಬಟ್ಟಲು ಚಾಚಿದಳು. "ನಿಮ್ಮಪ್ಪಗ ಮಾದಲಿ ಅಂದ್ರ ಜೀಂವ," ಎಂದಳು. ಗಂಗಕ್ಕನೂ ಬಡಿಸಿಕೊಂಡಳು. ಹಾಲಿನಲ್ಲಿ ಗೋಧಿ ನೆನೆದ ಆ ಘಮಕ್ಕೆ ನನಗೆ ಪುರ್ತಗೇರಿಯ ಹಾಸಿಗೆ, ಶಾಂತಾಳ ಮಸಿ ಕೆನ್ನೆ ನೆನಪಾಗಿ, ದುಃಖವೋ ಸಂತೋಷವೋ ತಿಳಿಯದೆ ತಿನ್ನುತ್ತಲೇ ಹೋದೆ.

ಮರುದಿನ ನನ್ನ ಹೊಟ್ಟೆ ಕೆಟ್ಟಿತು. ಸರೋಜಾ ಬಸ್ ಸ್ಟ್ಯಾಂಡಿಗೆ ಹೋಗಿ ನನಗೆ ಬ್ರೆಡ್ ತಂದಳು.