ಸಂಡಾಸದ ಬಾಗಿಲಿಗೊಬ್ಬ ಕಂಡಕ್ಟರ್

ನಮ್ಮ ಕಾಕಾ ಅವರ ಪಾಲಿಗೆ ಜಗತ್ತಿನಲ್ಲಿ ಸುದ್ದಿ ಅಂತ ಇರುವುದು ಒಂದೇ: ಬೆಳಿಗ್ಗೆ ಯಾರ ಹೊಟ್ಟೆ ಸಾಫ್ ಆಯಿತು, ಯಾರದು ಆಗಲಿಲ್ಲ! ಕಾಕಾ ಎಂದರೆ ನನ್ನ ಮಾವನವರ ತಮ್ಮ. ಗೋಕಾಕ–ಸಂಕೇಶ್ವರ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೀಟು ಹರಿದು, ಈಗ ನಿವೃತ್ತರಾಗಿ ಗೋಕಾಕದ ನಮ್ಮ ಮನೆಯಲ್ಲೇ ಇದ್ದಾರೆ. "ಆರಾಮ ಅದೀರಿ?" ಎಂದು ಅವರು ಯಾರನ್ನೂ ಕೇಳಿದ್ದು ನಾನು ಕಾಣೆ. ನೇರವಾಗಿ ಹೊಟ್ಟೆಗೇ ಬರುತ್ತಾರೆ.

ಒಮ್ಮೆ ನನ್ನ ನಾದಿನಿಯನ್ನು ನೋಡಲು ಹುಕ್ಕೇರಿಯಿಂದ ಗಂಡಿನ ಕಡೆಯವರು ಬಂದಿದ್ದರು. ಅವಲಕ್ಕಿ, ಚಹಾ ಎಲ್ಲ ಮುಗಿದು ಹಿರಿಯರು ಮಾತು ಶುರುಮಾಡಬೇಕು, ಅಷ್ಟರಲ್ಲಿ ಕಾಕಾ ವರನ ಕಡೆ ಬಾಗಿ, "ತಮ್ಮಾ, ಸಂಡಾಸ ದಿನಾ ಆಕೈತೋ ಇಲ್ಲೋ?" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ! ಪಾಪ, ಹುಡುಗ ತಲೆ ತಗ್ಗಿಸಿ, "ಎರಡ ದಿನಾ ಆತ್ರೀ, ಆಗಿಲ್ಲ" ಅಂದ. "ಹುಡುಗ ಸುಳ್ಳ ಹೇಳಾಂವಲ್ಲ, ಕೊಡ್ರಿ ಹೆಣ್ಣ!" ಎಂದು ಕಾಕಾ ತೀರ್ಪು ಕೊಟ್ಟರು. ಕೊಟ್ಟೆವು. ಇಬ್ಬರೂ ಸುಖವಾಗಿದ್ದಾರೆ.

ಇಂಥವರಿರುವ ಮನೆಯಲ್ಲೇ ನನ್ನ ಆರು ವರ್ಷದ ಮಗಳಿಗೆ ಮಲಬದ್ಧತೆ ಬರಬೇಕೇ! ಶಾಲೆಗೆ ಸೇರಿದಾಗಿನಿಂದ ಶುರು. ಬಂದರೂ ಕಾಲು ಹೆಣೆದುಕೊಂಡು ಮೂರು ದಿನ, ನಾಲ್ಕು ದಿನ ತಡೆದುಕೊಳ್ಳುವುದು. ಆಮೇಲೆ ಚಡ್ಡಿಯ ತುಂಬ ಕಲೆ. ಒಗೆಯುವವಳು ನಾನು, ರೊಟ್ಟಿ ಬಡಿಯುವವಳು ನಾನು, ಹೋಮ್‌ವರ್ಕಿಗೆ ಕೂಡುವವಳೂ ನಾನು. ಬೇಡ ಬಿಡಿ, ಪೂರ್ತಿ ಹೇಳಿದರೆ ನಿಮಗೂ ಸುಸ್ತಾದೀತು. ಒಂದು ದಿನ ತಾಳ್ಮೆ ಕೆಟ್ಟು, "ನಾಚಿಕಿ ಬರಂಗಿಲ್ಲೇನ ನಿನಗ?" ಎಂದು ಬೆನ್ನಿಗೊಂದು ಬಿಟ್ಟೆ. ಅಂದಿನಿಂದ ಅವಳು ಹೊಟ್ಟೆನೋವು ಎನ್ನುವುದನ್ನೇ ಬಿಟ್ಟಳು. ಗುಣವಾಗುತ್ತಿದೆ ಎಂದುಕೊಂಡೆ. ನಿದ್ದೆ ಕಡಿಮೆಯಾದರೆ ತಾಯಂದಿರಿಗೆ ಬುದ್ಧಿಯೂ ಕಡಿಮೆಯಾಗುತ್ತದೆ.

ಆದರೆ ಕಲೆ ನಿಲ್ಲಲಿಲ್ಲ, ಊಟವೂ ಕಡಿಮೆಯಾಯಿತು. ಮಕ್ಕಳ ಡಾಕ್ಟರಮ್ಮನ, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ ಬಾಯಾರ, ಹತ್ತಿರ ಹೋದೆವು. "ಕಡೀಕ ಯಾವಾಗ ಆಗೈತ್ರಿ?" ಎಂದು ಅವರು ಕೇಳಿದರೆ ನಾನು ಪಿಳಿಪಿಳಿ. ಕಾಕಾ ಚೀಲದಿಂದ ಹಾಲಿನ ಲೆಕ್ಕ ಬರೆಯುವ ನಮ್ಮ ಅಡುಗೆಮನೆಯ ಕ್ಯಾಲೆಂಡರನ್ನೇ ತೆಗೆದರು! ಹಾಲಿನ ಗೀಟುಗಳ ಪಕ್ಕ ಕೆಂಪು ಸೊನ್ನೆಗಳು. "ಇದು ಪೂರಾ ಆದದ್ದು, ಇದು ಅರ್ಧಾ ಟಿಕೀಟ್ರಿ." ಹೊಟ್ಟೆ ಹಿಡಿದು ನಕ್ಕ ಬಾಯಾರು ಆಮೇಲೆ ಬಿಡಿಸಿ ಹೇಳಿದರು. ಒಮ್ಮೆ ನೋವಾಗಿದೆ, ಅದಕ್ಕೇ ಹೆದರಿ ತಡೆಯುತ್ತಾಳೆ. ತಡೆದಷ್ಟು ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟು ನೋವು. ಚಡ್ಡಿ ಹೊಲಸಾಗುವುದು ಅವಳ ಕೈಯಲ್ಲಿಲ್ಲ. ಔಷಧ ದಿನವೂ ಬೇಕು, ಕೆಲವು ತಿಂಗಳು, ನೀವೇ ನಿಲ್ಲಿಸಬೇಡಿ. ಪಲ್ಯ, ಹಣ್ಣು, ನೀರು ಕೊಡಿ. ಊಟವಾದ ಮೇಲೆ ಕಾಲಿಗೆ ಮಣೆ ಕೊಟ್ಟು ಹತ್ತು ನಿಮಿಷ ಕೂಡಿಸಿ. "ಮತ್ತ ಬೈಬ್ಯಾಡ್ರಿ." ನಾನು ನೆಲ ನೋಡಿದೆ. ಕಾಕಾ ಮರ್ಯಾದೆಯಿಂದ ಫ್ಯಾನು ನೋಡಿದರು.

ಔಷಧ ಮನೆಗೆ ಬಂತು. "ಟಿಕೀಟ ನೋಡದ ನಾ ಯಾರನ್ನೂ ಬಸ್ಸಿನ್ಯಾಗ ಬಿಟ್ಟಾಂವಲ್ಲ," ಎಂದು ಕಾಕಾ ಮೊದಲು ತಾವೇ ಕುಡಿದರು. ಕೂಸಿನ ಅಳತೆ ತಮಗೆ ಸಾಲದೆಂದು ಅರ್ಧ ಲೋಟ! ಮರುದಿನ ಮೂಡಲಗಿಯಲ್ಲಿ ನಂಟರ ಮನೆಯ ಕುಬಸ, ಅಂದರೆ ಸೀಮಂತ. ನಾವೆಲ್ಲ ರೇಷ್ಮೆ ಸೀರೆ ಉಟ್ಟು ಸಂಡಾಸದ ಬಾಗಿಲ ಮುಂದೆ ಮಧ್ಯಾಹ್ನದವರೆಗೆ ಕಾದೆವು. ಕಡೆಗೆ ಗೋಡೆ ಹಿಡಿದುಕೊಂಡು ಹೊರಬಂದು, "ಔಷಧ ಖರೇ ಐತಿ. ಕೊಡವಾ ಕೂಸಿಗೆ" ಅಂದರು.

ಮೂಡಲಗಿಯಲ್ಲಿ ಮಗಳು ಹೋಳಿಗೆ ಮುಟ್ಟಲಿಲ್ಲ. ಅಲ್ಲಿನ ಹಿರಿಯಮ್ಮ ಒಬ್ಬರು ವಿಷಯ ಕೇಳಿ, "ಹೊಟ್ಟಿಮ್ಯಾಲ ಎರಡ ಬರಿ ಹಾಕಸ. ಮರುದಿನಾ ಈ ತ್ರಾಸ ನಿಲ್ತೈತಿ ನೋಡ" ಅಂದರು. ಕಾಯಿಸಿದ ಕಬ್ಬಿಣದಿಂದ ಕೂಸಿನ ಹೊಟ್ಟೆ ಸುಡುವುದೇ, ಛೇ, ಬೇಡ ಎಂದು ನಾನು ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ದಣಿದಿದ್ದೆ ನಾನು. "ಖರೇನ ನಿಲ್ತೈತೇನ್ರೀ?" ಎಂದು ಕೇಳಿಬಿಟ್ಟೆ!

ಕಾಕಾ ಅರ್ಧ ಹೋಳಿಗೆಯ ಮೇಲೆ ಕೈತೊಳೆದು ಎದ್ದರು. ಮಗುವನ್ನು ಎತ್ತಿಕೊಂಡು, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ನಾನು ಹಿಂದೆಯೇ ಓಡಿದೆ.

ಬಸ್ಸು ಹೊರಟು ಮಗಳು ನಿದ್ದೆ ಹೋದ ಮೇಲೆ ಕಾಕಾ ಅಂಗಿ ಎತ್ತಿ ತೋರಿಸಿದರು. ಹೊಕ್ಕಳ ಸುತ್ತ ನಾಲ್ಕು ಹಳೆಯ ಸುಟ್ಟ ಗಾಯದ ಗುರುತು.

"ನಮ್ಮೂರ ತುಕ್ಕಾನಟ್ಟ್ಯಾಗ ನಮ್ಮವ್ವ ಹಾಕ್ಸಿದ್ದು. ಈ ಕೂಸಿನಷ್ಟ ಇದ್ದೆ ನಾ."

"ನಿಂತಿತೇನ್ರಿ ಕಾಕಾ?"

"ನೋವು ನಿಲ್ಲಲಿಲ್ಲ, ಯವ್ವಾ. ಹೇಳೂದು ನಿಂತಿತು. ಮತ್ತ ಸುಡ್ತಾರಂತ ಸುಮ್ಮಾದೆ. ಗುಣಾ ಆತಂತ ತಿಳದ ನಮ್ಮವ್ವ ಗುಡಿಗೆ ಹೋಗಿ ಕಾಯಿ ಒಡಿಸಿದ್ಲು."

ಊರವರೆಲ್ಲರ ಹೊಟ್ಟೆಯ ಸುದ್ದಿಯನ್ನು ಈ ಮನುಷ್ಯ ಯಾಕೆ ಕೇಳುತ್ತಾ ತಿರುಗುತ್ತಾರೆಂದು ಅಂದು ತಿಳಿಯಿತು. ಮಗಳ ಬೆನ್ನ ಮೇಲೆ ಕೈಯಿಟ್ಟೆ. ನಾನು ಹೊಡೆದಿದ್ದೂ ಅಲ್ಲೇ. ಗೋಕಾಕ ಬರುವವರೆಗೂ ಅತ್ತೆ.

ಈಗ ದಿನವೂ ನಾಷ್ಟಾ ಆದ ಮೇಲೆ ನಮ್ಮ ಮನೆಯಲ್ಲಿ ಬಸ್ಸು ಬಿಡುತ್ತದೆ. ಕಾಕಾ ಅವರ ಮೊಣಕಾಲಿಗೆಂದು ಹಾಕಿಸಿದ ಕಮೋಡಿನ ಮೇಲೆ ಮಗಳು, ಬಾಗಿಲ ಹೊರಗೆ ಕುರ್ಚಿಯಲ್ಲಿ ಕಾಕಾ. "ಗೋಕಾಕ ಬಿಟ್ಟೈತಿ, ರೈಟ್ ರೈಟ್! ಘೋಡಗೇರಿ ಯಾರ್ರೀ?" ಸಂಕೇಶ್ವರ ಮುಟ್ಟುವುದಕ್ಕೆ ಸರಿಯಾಗಿ ಹತ್ತು ನಿಮಿಷ. ಎಷ್ಟೋ ದಿನ ಬಸ್ಸು ಖಾಲಿ ಮರಳಿದೆ. ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ. ಚಡ್ಡಿ ಒಗೆಯುವುದು ಇನ್ನೂ ಇದೆ, ಸುಸ್ತೂ ಇದೆ. ಬೈಯುವುದು ಮಾತ್ರ ಇಲ್ಲ.

ನಿನ್ನೆ ಬಸ್ಸು ಹುಕ್ಕೇರಿ ದಾಟುವಾಗ ಒಳಗಿನಿಂದ ಸಣ್ಣ ದನಿ ಬಂತು. "ಅಜ್ಜಾ... ಹೊಟ್ಟಿ ನೋಯಾಕತ್ತೈತಿ."

"ಹೋಲ್ಡಾನ್!" ಎಂದು ಕಾಕಾ ಕೂಗಿದರು. "ಬಸ್ ನಿಂತೈತಿ ನನ್ನ ಕೂಸ, ಗಡಿಬಿಡಿ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, ಕಣ್ಣೊರೆಸಿಕೊಳ್ಳುತ್ತ, "ಕೇಳಿದೇನವಾ? ಹೇಳಿತು!" ಅಂದರು.

ಹಂಚಿನ ಮೇಲಿನ ರೊಟ್ಟಿ ಬಿಟ್ಟು ಬಂದು ಬಾಗಿಲ ಬಳಿ ನೆಲದ ಮೇಲೆ ಕೂತೆ. ಬಳೆ ಸದ್ದು ಒಳಗೆ ಕೇಳಿಸಿತೇನೋ.

"ಅವ್ವಾ, ನೀನೂ ಬಸ್ ಹತ್ತಿದೇನ?"

"ಹತ್ತೇನಿ, ನನ್ನವ್ವಾ," ಅಂದೆ.