ಅರ್ಧ ಮದುವೆ ಹೊತ್ತು ತಂದ ಪೆನ್‌ಡ್ರೈವಿಗೆ

ಮಾನ್ಯ ಅರವತ್ನಾಲ್ಕು ಜಿಬಿ ಪೆನ್‌ಡ್ರೈವ್ ಅವರ ಸನ್ನಿಧಿಗೆ,

ಸಾಗರದಷ್ಟು ಜಾಗ, ಸಾಸಿವೆಯಷ್ಟು ಮನಸ್ಸು ಇಟ್ಟುಕೊಂಡಿರುವ ತಮಗೆ ಕಲಬುರಗಿಯ ಗಾಜಿಪುರದಿಂದ ಶರಣು. ನಲವತ್ತೈದರ ಅಂಚಿನಲ್ಲಿ ಕಡೆಗೂ ಕಂಕಣ ಕಟ್ಟಿಸಿಕೊಂಡ ನನ್ನ ಮದುವೆಯ ವಿಡಿಯೊವನ್ನು ತಮ್ಮೊಳಗೆ ತುಂಬಲು ಹೋದರೆ, ಹೊಟ್ಟೆಯೆಲ್ಲ ಖಾಲಿಯಿದ್ದರೂ ತಾವು 'ಫೈಲು ತೀರ ದೊಡ್ಡದು' ಎಂದು ಕೈಮುಗಿದಿರಿ. ಇಂಥ ಸಂಯಮವನ್ನು ನಾನು ಯಾವ ಮದುವೆಯ ಪಂಕ್ತಿಯಲ್ಲೂ ಕಂಡಿಲ್ಲ.

ತಮ್ಮ ವ್ರತ ಕೆಡದಿರಲೆಂದು ವಿಡಿಯೊ ತೆಗೆದ ಚಾಂದಪಾಶಾ ಫೈಲನ್ನು ಎರಡು ತುಂಡು ಮಾಡಿದ; ಚಹಾ ಬಂದ ಗದ್ದಲದಲ್ಲಿ ಮೊದಲ ತುಂಡನ್ನಷ್ಟೇ ಹಾಕಿಕೊಟ್ಟ. ಮೊಣಕಾಲು ನೋವಿನಿಂದ ಮದುವೆಗೆ ಬಾರದಿದ್ದ, ನನ್ನ ಹೆಂಡತಿ ನಾಗರತ್ನಾಳ ಆಯಿ, ಅಂದರೆ ಅಜ್ಜಿ, ನೀಲಗಂಗಮ್ಮನವರು, ನಾವಿಬ್ಬರೂ ತಮ್ಮನ್ನು ಹಿಡಿದು ಕಮಲಾಪುರದ ಅವರ ಮನೆಗೆ ಹೋದಾಗ, ಓಣಿಯವರನ್ನೆಲ್ಲ ಕೂಡಿಸಿ ಟಿವಿ ಹಚ್ಚಿದರು. ಅರಿಶಿಣ ಆಯಿತು, ಮೆರವಣಿಗೆ ಆಯಿತು, ನಾನು ತಾಳಿ ಎತ್ತಿ ಹಿಡಿದೆ, ಅಲ್ಲಿಗೆ ತಾವು ಮುಗಿದಿರಿ.

"ಅಯ್ಯ, ತಾಳಿ ಕಟ್ಟೇ ಇಲ್ಲಲ್ಲ!" ಎಂದರು ಆಯಿ. ನಾಗರತ್ನಾ ಕೊರಳಲ್ಲಿದ್ದ ತಾಳಿ ತೋರಿಸಿದಳು. "ಅದು ಬಜಾರದಾಗೂ ಸಿಗ್ತದವ್ವ." ನಾನು ಮೊಬೈಲಿನಲ್ಲಿದ್ದ ತಾಳಿ ಕಟ್ಟುವ ಫೋಟೊ ತೋರಿಸಿದೆ. "ಮೊಬೈಲಿನಾಗ ಏನ್ ಬೇಕಾದ್ದು ಮಾಡ್ತಾರ. ಟಿವಿದಾಗ ಬರ್ಲಿ, ಆಮ್ಯಾಲ ಅಳಿಯಾ ಅಂತೀನಿ. ಅಲ್ಲಿತನಾ ಹೊರಗ ಮಲಗ್ರೀ, ಪಾವಣ್ಯಾರ."

ಹೀಗಾಗಿ ನಾನು ಅಳಿಯನಲ್ಲ, ಬರೀ ಪಾವಣ್ಯಾ, ಅಂದರೆ ಅತಿಥಿ; ಒಳಗೆ ಮಡದಿ, ಹೊರಗೆ ಚಾದರ. ನಡುವೆ ಬಾಗಿಲಿಗೆ ಅಡ್ಡ ಮಲಗಿದ ಆಯಿಯ ಆದರ. ಇದಕ್ಕೆಲ್ಲ ಕಾರಣರಾದ ತಮ್ಮ ಶಿಸ್ತನ್ನು ಸೊಳ್ಳೆಗಳ ಸಮ್ಮುಖದಲ್ಲಿ ಮನಸಾರೆ ಕೊಂಡಾಡಿದ್ದೇನೆ.

ಮರುದಿನವೇ ಕಲಬುರಗಿಗೆ ಓಡಿ ಬಂದೆ. "ಇದರ ಫಾರ್ಮ್ಯಾಟೇ ಹಳೇದದ್ರೀ ಸರ್, ನಾಕು ಜಿಬಿ ದಾಟಿದ್ ಫೈಲ್ ಹಿಡಿಯಂಗಿಲ್ಲ. ಎಕ್ಸ್‌ಫ್ಯಾಟ್ ಅಂತ ಹೊಸ ಫಾರ್ಮ್ಯಾಟ್ ಅದ, ಅದಕ್ಕ ಮಾಡ್ತೀನಿ, ತಗೋರಿ" ಎಂದು ಚಾಂದಪಾಶಾ ತಮ್ಮೊಳಗಿದ್ದುದನ್ನೆಲ್ಲ ಅಳಿಸಿ, ಇಡೀ ಮದುವೆಯನ್ನು ಒಂದೇ ತುತ್ತಿನಲ್ಲಿ ಉಣಿಸಿದ್ದಾನೆ.

ಆದಕಾರಣ ನನ್ನ ಬಿನ್ನಹವಿಷ್ಟೇ: ಸಂಜೆ ಆಯಿಯ ಟಿವಿಯಲ್ಲಿ ತಾಳಿ ಕಟ್ಟುವುದನ್ನು ತಾವು ಎರಡೆರಡು ಸಲ ತೋರಿಸಬೇಕು, ಬ್ಯಾಂಡಿನವರು ತಪ್ಪಿದ ಕಡೆ ತಾವೇ ಸರಿಯಾಗಿ ಊದಬೇಕು, ಸಾಧ್ಯವಾದರೆ ನನ್ನ ನೆತ್ತಿಯ ಮೇಲೆ ಒಂದಿಷ್ಟು ಕೂದಲನ್ನೂ ಬೆಳೆಸಬೇಕು, ಎಲ್ಲ ಮುಗಿದ ಮೇಲೆ ಹೊರಬಂದು, ಹೌದು, ಇವನು ನಿಮ್ಮ ಅಳಿಯನೇ ಎಂದು ಆಯಿಯ ಮುಂದೆ ಸಾಕ್ಷಿ ನುಡಿಯಬೇಕು.

ಇಂತಿ, ತಾಳಿ ಎತ್ತಿ ಹಿಡಿದೇ ನಿಂತಿರುವ
ತಮ್ಮ ವಿಶ್ವಾಸಿ,
ಗುರುಪ್ರಸಾದ

ತಾ.ಕ.: ಈಗ ಕಮಲಾಪುರದಿಂದ ಬರೆಯುತ್ತಿದ್ದೇನೆ. ಆಯಿಯ ಹಳೆಯ ಟಿವಿಗೆ ತಮ್ಮ ಹೊಸ ಫಾರ್ಮ್ಯಾಟು ಓದಲು ಬರುವುದಿಲ್ಲವಂತೆ. ಪರದೆ ಕಪ್ಪಗೆ ಕೂತಿತು. ಆಯಿ ಅದನ್ನು ನೋಡಿ, "ನಿನ್ನಿ ಅರಿಶಿಣಾನರ ಹಚ್ಚಿದ್ರು, ಇವತ್ತ ಅದೂ ಇಲ್ಲ" ಎಂದು ನಿಟ್ಟುಸಿರುಬಿಟ್ಟು, ನನ್ನತ್ತ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು: "ನಮ್ ನಾಗರತ್ನಾಗ ಎಲ್ಲರೆ ಚಲೋ ವರ ಇದ್ರ ಹೇಳ್ರೀ."