‘ಮನೆಯಲ್ಲೆಲ್ಲ ಚೆನ್ನಾಗಿದ್ದಾರಾ?’ ಎಂದು ಕೇಳುವ ಗಣ್ಯರ ಗಮನಕ್ಕೆ

ಗಣ್ಯರು ಮತ್ತು ಅಭಿಮಾನಿಗಳ ಆಕಸ್ಮಿಕ ಭೇಟಿ ಶಾಖೆ
(ಮೂರನೆಯ ಮಹಡಿ, ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ಗಅಭೇ/ಕುಶಲೋಪರಿ/ತಲೆಯಾಟ/7

ಸುತ್ತೋಲೆ

ವಿಷಯ: ಗಣ್ಯರು ಅಭಿಮಾನಿಗಳ ಯೋಗಕ್ಷೇಮ ವಿಚಾರಿಸುವಾಗ ಹಾಗೂ ತಲೆಯಾಡಿಸುವಾಗ ವಹಿಸಬೇಕಾದ ಎಚ್ಚರಿಕೆಯ ಕುರಿತು.

ಉಲ್ಲೇಖ:
(1) ನಾಯಕನಟರೊಬ್ಬರ ದೂರು (ಫೋನಿನಲ್ಲಿ, ಸಿಟ್ಟಿನಲ್ಲಿ).
(2) ಪರದೆ ಹೊಲಿಯುವ ಮಹಿಳೆಯೊಬ್ಬರ ಹೇಳಿಕೆ.
(3) ದಂತ ಚಿಕಿತ್ಸಾಲಯದ ಸ್ವಾಗತಕಾರಿಣಿಯ ಹೇಳಿಕೆ (ಇವರನ್ನು ಯಾರೂ ಕೇಳಿರಲಿಲ್ಲ).

ಪ್ರಸ್ತಾವನೆ

ಉಲ್ಲೇಖ (1)ರ ನಾಯಕನಟರು (ಇನ್ನು ಮುಂದೆ ‘ಗಣ್ಯರು’) ಅಭಿಮಾನಿಗಳೊಂದಿಗೆ ಸೌಜನ್ಯದಿಂದ ನಡೆದುಕೊಳ್ಳುವವರೆಂದು ಹೆಸರು ಪಡೆದಿರುತ್ತಾರೆ. ಪೆಟ್ರೋಲ್ ಬಂಕಾಗಲಿ, ಔಷಧಿ ಅಂಗಡಿಯಾಗಲಿ, ಎದುರಾದವರ ಕೈ ಹಿಡಿದು ‘ಮನೇಲೆಲ್ಲ ಚೆನ್ನಾಗಿದ್ದಾರಾ?’ ಎಂದು ಕೇಳುತ್ತಾರೆ. ಎದುರಾದವರು ‘ಚೆನ್ನಾಗಿದ್ದಾರೆ ಸಾರ್’ ಎನ್ನುತ್ತಾರೆ. ಗಣ್ಯರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಈ ಏರ್ಪಾಡು ಬಹುಕಾಲದಿಂದ ಯಾರಿಗೂ ತೊಂದರೆಯಾಗದಂತೆ ನಡೆದುಕೊಂಡು ಬಂದಿತ್ತು.

ಹೀಗಿರುವಲ್ಲಿ ಗಣ್ಯರಿಗೆ ದವಡೆಹಲ್ಲು ಕೀಳಿಸಬೇಕಾಗಿ ಬಂತು. ವೈದ್ಯರು ಚುಚ್ಚುಮದ್ದು ಕೊಟ್ಟು, ದವಡೆ ಮರಗಟ್ಟುವ ತನಕ ಹೊರಗೆ ಕೂತಿರುವಂತೆ ಸೂಚಿಸಿದರು. ಹೊರಗಿನ ಬೆಂಚಿನ ಮೇಲೆ, ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡು ಉಲ್ಲೇಖ (2)ರ ಮಹಿಳೆ (ಇನ್ನು ಮುಂದೆ ‘ಅಭಿಮಾನಿ’) ಕುಳಿತಿದ್ದರು. ಇವರು ಪರದೆ ಅಂಗಡಿಯಲ್ಲಿ ಹೊಲಿಗೆಯವರು. ಗಣ್ಯರ ಒಂದು ಚಿತ್ರವನ್ನೂ ಬಿಟ್ಟವರಲ್ಲ. ನಿರ್ಮಾಪಕರೇ ಪೂರ್ತಿ ನೋಡದ ಚಿತ್ರಗಳನ್ನೂ ಪೂರ್ತಿ ನೋಡಿದ್ದಾರೆ. ಗಣ್ಯರು ಎಂದಿನಂತೆ ಅವರ ಕೈ ಹಿಡಿದರು, ಎಂದಿನಂತೆ ಪ್ರಶ್ನೆ ಕೇಳಿದರು.

ಅಭಿಮಾನಿ ಸ್ವಲ್ಪ ಯೋಚಿಸಿ, ‘ಇಲ್ಲ ಸಾರ್’ ಎಂದರು.

ಇಂಥ ಉತ್ತರಕ್ಕೆ ಚಾಲ್ತಿಯಲ್ಲಿರುವ ಯಾವ ನಿಯಮದಲ್ಲೂ ಅವಕಾಶವಿರುವುದಿಲ್ಲ. ಅಷ್ಟರಲ್ಲಿ ಗಣ್ಯರ ದವಡೆ ಮರಗಟ್ಟಿದ್ದು, ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಒಳಗಿನಿಂದ ಕರೆ ಬಾರದ ಕಾರಣ ಎದ್ದು ಹೋಗುವ ಸ್ಥಿತಿಯಲ್ಲೂ ಇರಲಿಲ್ಲ. ತತ್ಪರಿಣಾಮವಾಗಿ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕಾಯಿತು.

ಉತ್ತರದ ಸಾರಾಂಶ: ಅಭಿಮಾನಿ ಇರುವ ಕಟ್ಟಡದಲ್ಲೇ, ಮೇಲಿನ ಮನೆಯಲ್ಲಿ ಅವರ ಅಕ್ಕ ಇದ್ದಾರೆ. ಅಮ್ಮ ಇದ್ದದ್ದು ಅಕ್ಕನ ಜೊತೆ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಹೊಲಿಗೆ ಮಿಷನ್ನನ್ನು, ಹೊಲಿಯುವವಳು ನಾನೇ ತಾನೇ ಎಂದುಕೊಂಡು, ಅಭಿಮಾನಿ ಕೆಳಗಿನ ಮನೆಗೆ ಇಳಿಸಿಕೊಂಡರು. ಅಕ್ಕನಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಆದರೂ ‘ಒಂದು ಮಾತು ಕೇಳಬಹುದಿತ್ತಲ್ಲ’ ಎಂದರು. ಅದೇ ಕಡೆಯ ಮಾತು. ಅಂದಿನಿಂದ ಮೆಟ್ಟಿಲ ಮೇಲೆ ಎದುರಾದಾಗ ಒಬ್ಬರು ಗೋಡೆ ನೋಡುತ್ತಾರೆ, ಇನ್ನೊಬ್ಬರು ಕಂಬಿ ನೋಡುತ್ತಾರೆ. ಮೇಲೆ ಅಕ್ಕ ಕೆಮ್ಮಿದರೆ ಕೆಳಗೆ ಚೆನ್ನಾಗಿ ಕೇಳಿಸುತ್ತದೆ. ಔಷಧಿ ತಗೊಂಡೆಯಾ ಎಂದು ಕೇಳುವ ಹಾಗಿಲ್ಲ. ಇದನ್ನು ಹೇಳುವಾಗ ಅಭಿಮಾನಿಯ ಕಣ್ಣಲ್ಲಿ ನೀರು ಬಂದಿತ್ತೆಂದೂ, ಅದು ಹಲ್ಲುನೋವಿನ ನೀರಲ್ಲವೆಂದೂ ಸ್ವಾಗತಕಾರಿಣಿ ದೃಢೀಕರಿಸಿದ್ದಾರೆ.

ಕೊನೆಗೆ ಅಭಿಮಾನಿ, ‘ನಾನೇ ಹೋಗಿ ಮೊದ್ಲು ಮಾತಾಡಿಸ್ಲಾ ಸಾರ್?’ ಎಂದು ಕೇಳಿದರು. ಗಣ್ಯರು ತಲೆಯಾಡಿಸಿದರು. ಯಾರು ಏನೆಂದರೂ ತಲೆಯಾಡಿಸುವುದು ಗಣ್ಯರ ವೃತ್ತಿಯ ಭಾಗವಾಗಿರುತ್ತದೆ. ‘ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ಆಡಿಸಿದ್ರು, ನಾನೇ ಕಣ್ಣಾರೆ ನೋಡ್ದೆ’ ಎಂದು ಸ್ವಾಗತಕಾರಿಣಿ ತಿಳಿಸಿದ್ದಾರೆ.

ಅಭಿಮಾನಿ ಹಲ್ಲು ಕೀಳಿಸುವುದನ್ನೂ ಮರೆತು ನೇರ ಮನೆಗೆ ಹೋಗಿ, ಮೇಲಿನ ಬಾಗಿಲು ತಟ್ಟಿದರು. ಅಕ್ಕ ತೆರೆದರು, ನೋಡಿದರು, ಮುಚ್ಚಿದರು. ಮರುದಿನ ಬೆಳಿಗ್ಗೆ ಅಭಿಮಾನಿ ಗಣ್ಯರ ಗೇಟಿನ ಮುಂದೆ ನಿಂತಿದ್ದರು. ಸಹಿ ಬೇಕೇ, ಫೋಟೋ ಬೇಕೇ ಎಂದು ಕಾವಲುಗಾರ ವಿಚಾರಿಸಲಾಗಿ, ಎರಡೂ ಬೇಡ ಎಂದರು. ‘ಅವರು ಹೇಳಿದ ಹಾಗೇ ಮಾಡ್ದೆ. ಮುಖದ ಮೇಲೆ ಬಾಗಿಲು ಹಾಕಿದ್ಲು. ಈಗ ಮುಂದೇನು ಅಂತ ಕೇಳ್ಕೊಂಡು ಬನ್ನಿ.’

ಗಣ್ಯರು ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಎಳೆದು, ಈ ಶಾಖೆಗೆ ಫೋನ್ ಮಾಡಿದರು. ‘ನಾನು ಕೇಳಿದ್ದು ನಿಜ ಕಣ್ರೀ. ಆದ್ರೆ ಹೇಳ್ಲಿ ಅಂತ ಕೇಳಿದ್ದಲ್ಲ!’ ಎಂಬುದು ದೂರಿನ ಮುಖ್ಯಾಂಶ.

ದೂರನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಹಳೆಯ ಆದೇಶ ಇನ್ನೂ ರದ್ದಾಗಿಲ್ಲವಾದ್ದರಿಂದ, ದೂರುದಾರರಿಗೇ ಅನ್ವಯವಾಗುವಂತೆ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

ಸೂಚನೆಗಳು

1. ‘ಮನೆಯಲ್ಲೆಲ್ಲ ಚೆನ್ನಾಗಿದ್ದಾರಾ?’ ಎಂಬುದು ಪ್ರಶ್ನೆಯೆಂದು ಈ ಮೂಲಕ ಘೋಷಿಸಲಾಗಿದೆ.

2. ಸದರಿ ಪ್ರಶ್ನೆಯನ್ನು ಕುಳಿತು ಕೇಳತಕ್ಕದ್ದು. ನಡೆಯುತ್ತಾ, ಕಾರಿನ ಬಾಗಿಲು ತೆಗೆಯುತ್ತಾ, ಅಥವಾ ಅಭಿಮಾನಿಯ ಹೆಗಲಾಚೆ ಇನ್ನಾರನ್ನೋ ನೋಡುತ್ತಾ ಕೇಳಿದ್ದನ್ನು ಆಕಳಿಕೆ ಎಂದು ದಾಖಲಿಸಿಕೊಳ್ಳಲಾಗುವುದು.

3. ಉತ್ತರ ಕೇಳಲು ಪುರುಸೊತ್ತಿಲ್ಲದ ಗಣ್ಯರು ಹವಾಮಾನದ ಬಗ್ಗೆ ಮಾತಾಡಬಹುದು. ‘ಸೆಕೆ ಅಲ್ವಾ?’ ಎಂಬುದಕ್ಕೆ ಅನುಮತಿಯಿದೆ. ‘ನಿಮಗೆ ಸೆಕೆ ಆಗಲ್ವಾ?’ ಎಂಬುದಕ್ಕೆ ಇಲ್ಲ. ಅದು ಮನೆಯ ಫ್ಯಾನಿನವರೆಗೆ, ಅಲ್ಲಿಂದ ಫ್ಯಾನು ರಿಪೇರಿ ಮಾಡಿಸದ ಗಂಡನವರೆಗೆ, ಅಲ್ಲಿಂದ ಗಂಡನ ಕಡೆಯವರವರೆಗೆ ಹೋಗುವ ಸಂಭವವಿರುತ್ತದೆ.

4. ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಹೌದು. ಅತ್ತಿತ್ತ ಆಡಿಸಿದರೆ ಇಲ್ಲ. ಎರಡನ್ನೂ ಬೆರೆಸಿ ಗಿರಕಿ ಹೊಡೆಸುವುದನ್ನು ಚಿತ್ರೀಕರಣಕ್ಕೆ ಸೀಮಿತಗೊಳಿಸಲಾಗಿದೆ. ತಲೆಯಾಡಿಸಿದವರು ಅದರ ಫಲಕ್ಕೆ ಖುದ್ದು ಹೊಣೆಗಾರರು. ತಮ್ಮ ತಲೆಯ ಬದಲು ಮ್ಯಾನೇಜರರ ತಲೆಯನ್ನು ಒಡ್ಡುವಂತಿಲ್ಲ.

5. ‘ಅಭಿಮಾನಿಗಳೇ ನನ್ನ ಮನೆಯವರು’ ಎಂದು ವೇದಿಕೆಯ ಮೇಲೆ ಹೇಳಿರುವ ಗಣ್ಯರು, ಸದರಿ ಮನೆಗಳಲ್ಲಿ ಪಾತ್ರೆ ತೊಳೆಯುವ ಸರದಿಗೂ ಬಾಧ್ಯರೇ ಎಂಬ ಬಗ್ಗೆ ಕಾನೂನು ಶಾಖೆಯ ಅಭಿಪ್ರಾಯ ಕೋರಲಾಗಿದೆ. ಕಾನೂನು ಶಾಖೆಯವರು ಇನ್ನೂ ನಗುತ್ತಿದ್ದಾರೆ.

6. ಅಭಿಮಾನಿಗಳಿಗೂ ಸೂಚಿಸುವುದೇನೆಂದರೆ, ಗಣ್ಯರ ಬಾಯಲ್ಲಿ ತುತ್ತು, ಥರ್ಮಾಮೀಟರು ಅಥವಾ ಟೂತ್‌ಬ್ರಷ್ ಇರುವಾಗ ಫೋಟೋ ಕೇಳಬಾರದು. ದವಡೆ ಮರಗಟ್ಟಿದ ಗಣ್ಯರಿಗೆ ಮನೆಯ ಸಮಾಚಾರ ಹೇಳುವುದು ಸಮಯಸಾಧಕತನವೇ ಸರಿ. ಆದರೆ ಗಣ್ಯರು ಕಿವಿಗೊಟ್ಟು ಕೇಳಲು ಬೇರೆ ಯಾವ ವಿಧಾನವೂ ಈ ಶಾಖೆಗೆ ತಿಳಿದುಬಂದಿಲ್ಲ.

7. ಸೂಚನೆ 4ರ ಮೇರೆಗೆ, ಗಣ್ಯರು ಖುದ್ದಾಗಿ ಅಕ್ಕನವರ ಬಾಗಿಲಿಗೆ ಹೋಗಿ ತಮ್ಮ ತಲೆಯಾಟವನ್ನು ಊರ್ಜಿತಗೊಳಿಸುವಂತೆ ಮುಂಚಿತವಾಗಿಯೇ ಫೋನಿನಲ್ಲಿ ಆದೇಶಿಸಲಾಗಿತ್ತು. ಅವರು ಪಾಲಿಸಿರುತ್ತಾರೆ. ಶಾಖೆಯ ನಿರೀಕ್ಷಕರು ಜೊತೆಗಿದ್ದು ಸಲ್ಲಿಸಿದ ವರದಿ ಹೀಗಿದೆ.

ಪಾಲನಾ ವರದಿ

ಗಣ್ಯರು ಗೊಣಗುತ್ತ ಮೆಟ್ಟಿಲು ಹತ್ತಿದರು. ಅಭಿಮಾನಿ ಅವರ ಬೆನ್ನ ಹಿಂದೆ ಇದ್ದರು. ಈ ಸಲವೂ ಬಾಗಿಲು ಮುಚ್ಚಿಕೊಂಡರೆ ಇನ್ನು ಜನ್ಮದಲ್ಲಿ ತಟ್ಟುವುದಿಲ್ಲ ಎಂದು ಅಭಿಮಾನಿ ತೀರ್ಮಾನಿಸಿದ್ದರು.

ಗಣ್ಯರು ತಟ್ಟಿದರು. ಅಕ್ಕ ಬಾಗಿಲು ತೆರೆದರು. ಅಕ್ಕನವರು ಗಣ್ಯರ ಅಭಿಮಾನಿಯಲ್ಲ, ಇನ್ನೊಬ್ಬ ನಟರ ಕಡೆಯವರು. ಹಾಗಾಗಿ ಗಣ್ಯರನ್ನು ದಾಟಿ ಹಿಂದೆ ನೋಡಿದರು.

‘ಏನೇ ಇದು! ಜನ ಕರ್ಕೊಂಡು ಬರೋಳು ಒಂದು ಮಾತು ಹೇಳಬಾರ್ದಾ? ಮನೆ ಗುಡಿಸಿಲ್ಲ, ನೆಟ್ಟಗೆ ಕೂರಿಸೋಕೆ ಕುರ್ಚಿ ಇಲ್ಲ. ಕೇಳದೆ ಕೇಳದೆ ಎಲ್ಲ ಮಾಡಿಬಿಡ್ತೀಯಲ್ಲೇ!’

ಇದು ಬೈಗುಳವಾಗಿದ್ದು, ಬೈಗುಳವನ್ನು ಮಾತೆಂದು ಪರಿಗಣಿಸಬಹುದೇ ಎಂಬ ತಾಂತ್ರಿಕ ಪ್ರಶ್ನೆ ಉದ್ಭವಿಸಿತು. ಅಭಿಮಾನಿ ಮೆಟ್ಟಿಲ ಮೇಲೇ ಕುಸಿದು ಕೂತು ಅತ್ತುಬಿಟ್ಟಿದ್ದರಿಂದ, ಪರಿಗಣಿಸಲಾಗಿದೆ.

‘ತಪ್ಪಾಯ್ತಕ್ಕ. ಕೇಳಬೇಕಿತ್ತು. ಈಗ ಕೇಳ್ತೀನಿ, ಅಮ್ಮನ ಮಿಷನ್ನು ನಾನು ಇಟ್ಕೊಳ್ಲಾ?’

‘ಇಟ್ಕೋ. ನಾನೇನು ಹೊಲೀತೀನಾ? ಕೇಳಿದ್ಯಲ್ಲ, ಅಷ್ಟೇ ಸಾಕು.’ ಅಕ್ಕ ಹೊರಗೆ ಬಂದು ತಂಗಿಯ ಪಕ್ಕದಲ್ಲಿ ಕುಳಿತರು. ‘ಕೆನ್ನೆ ಯಾಕೆ ಹೀಗೆ ಊದಿದೆ?’

ಆ ಬಳಿಕ, ಗಣ್ಯರು ಕೈ ಎಲ್ಲಿಡಬೇಕೆಂದು ತಿಳಿಯದೆ ಇನ್ನೂ ನಿಂತೇ ಇರುವುದು ಅಕ್ಕನವರ ಗಮನಕ್ಕೆ ಬಂತು. ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕಳಿಸಬಾರದೆಂದು, ಕೂತಲ್ಲಿಂದಲೇ ಕೇಳಿದರು: ‘ನೀವು ಹೇಗಿದ್ದೀರಪ್ಪ? ಮನೇಲೆಲ್ಲ ಚೆನ್ನಾಗಿದ್ದಾರಾ?’

ಗಣ್ಯರು ಎಂದಿನಂತೆ ತಲೆಯಾಡಿಸಲು ಹೋದರು. ತಲೆ ಆಡಲಿಲ್ಲ. ದವಡೆಯ ಮದ್ದು ಎಂದೋ ಇಳಿದಿತ್ತಾದ್ದರಿಂದ ವೈದ್ಯರನ್ನು ಹೊಣೆ ಮಾಡುವಂತಿಲ್ಲ. ಅಕ್ಕ ಮುಖ ನೋಡುತ್ತ ಉತ್ತರಕ್ಕೆ ಕಾಯುತ್ತಲೇ ಇದ್ದರು.

‘ಇಲ್ಲಮ್ಮ’ ಎಂದರು ಗಣ್ಯರು. ‘ಚೆನ್ನಾಗಿದ್ದಾರಾ ಇಲ್ವಾ, ನನಗೇ ಗೊತ್ತಿಲ್ಲ. ನಾನು ಹೋಗೋ ಹೊತ್ತಿಗೆ ಎಲ್ಲ ಮಲಗಿರ್ತಾರೆ.’

ಹೀಗೆಂದು ಅವರೂ ಮೆಟ್ಟಿಲ ಮೇಲೆ ಕುಳಿತರು. ಅಭಿಮಾನಿ ಸರಿದು ಜಾಗ ಮಾಡಿಕೊಟ್ಟರು. ಉತ್ತರದ ಉಳಿದ ಭಾಗವು ಅಕ್ಕತಂಗಿಯರಿಗೆ ಹೇಳಿದ್ದಾದ್ದರಿಂದ ಇಲ್ಲಿ ದಾಖಲಿಸಿಲ್ಲ. ಈ ಸುತ್ತೋಲೆ ಸಹಿಗೆ ಹೋಗುವ ಹೊತ್ತಿಗೂ ಅದು ಮುಗಿದಿರಲಿಲ್ಲ.

(ಸಹಿ)
ಶಾಖಾಧಿಕಾರಿ
(ಇವರನ್ನು ಈ ಪ್ರಶ್ನೆ ಈವರೆಗೆ ಯಾರೂ ಕೇಳಿರುವುದಿಲ್ಲ)

ಪ್ರತಿಗಳು:
1. ಗಣ್ಯರಿಗೆ: ಅವರು ಮೆಟ್ಟಿಲಿನಿಂದ ಎದ್ದ ಮೇಲೆ.
2. ಗಣ್ಯರ ಮ್ಯಾನೇಜರಿಗೆ: ಕಾರಿನ ಹಾರನ್ ಬಾರಿಸದೆ ಕಾಯಲು.
3. ದಂತವೈದ್ಯರಿಗೆ: ಅಭಿಮಾನಿಯ ಹಲ್ಲು ಇನ್ನೂ ಅಲ್ಲೇ ಇದೆ ಎಂದು ನೆನಪಿಸುತ್ತಾ.
4. ಸ್ವಾಗತಕಾರಿಣಿಗೆ: ಕಳಿಸದಿದ್ದರೂ ತಿಳಿದುಕೊಳ್ಳುತ್ತಾರೆ; ಪದ್ಧತಿಗಾಗಿ.
5. ಅಕ್ಕನವರಿಗೆ: ಕೆಮ್ಮಿಗೆ ಔಷಧಿ ತಗೊಂಡಿರಾ ಎಂಬ ವಿಚಾರಣೆಯೊಂದಿಗೆ. ಉತ್ತರವನ್ನು ಶಾಖೆಗೆ ಕಳಿಸುವ ಅಗತ್ಯವಿಲ್ಲ, ಕೆಳಗಿನ ಮನೆಗೆ ತಿಳಿಸಿದರೆ ಸಾಕು.
6. ಗಣ್ಯರ ಮನೆಯವರಿಗೆ: ಈ ದಿನ ಸ್ವಲ್ಪ ತಡವಾಗಿ ಮಲಗುವ ಕೋರಿಕೆಯೊಂದಿಗೆ.